ಹಳೇ ಎಂಎಂ540 ಜೀಪಿಗೆ ಮನೆಯಲ್ಲೇ ತುಕ್ಕು ತೆಗೆದು ಬಣ್ಣ ಹೊಡೆಯಬೇಕು, ಎಲ್ಲಿಂದ ಶುರು ಮಾಡಲಿ?

ಸೂಳೆಕೆರೆ_ಜೀಪು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ಕಡೆ ನಮ್ಮ ಮಾವನ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ದುಡಿದ ಮಹೀಂದ್ರಾ ಎಂಎಂ540 ಈಗ ನಮ್ಮ ಮನೆ ಹಿಂದಿನ ಶೆಡ್‌ಗೆ ಬಂದಿದೆ. ಪ್ಯೂಜೋ ಎಕ್ಸ್‌ಡಿಪಿ ಡೀಸೆಲ್ ಇಂಜಿನ್, 2112 ಸಿಸಿ. ಇಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ, ಬೆಳಿಗ್ಗೆ ಹೀಟರ್ ಹಾಕಿ ಸ್ವಲ್ಪ ಕಾದರೆ ಸ್ಟಾರ್ಟ್ ಆಗುತ್ತದೆ. ಫೋರ್ ವೀಲ್ ಡ್ರೈವ್ ಬೀಳುತ್ತದೆ, ಲೋ ಗೇರ್ ಕೂಡ ಬೀಳುತ್ತದೆ.

ತೊಂದರೆ ಇರೋದು ಬಾಡಿಯಲ್ಲಿ. ಡ್ರೈವರ್ ಕಾಲಿಡುವ ಜಾಗದಲ್ಲಿ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ. ಬ್ಯಾಟರಿ ಟ್ರೇ ಕೆಳಗೆ ತಗಡು ಪದರ ಪದರವಾಗಿ ಎದ್ದಿದೆ. ಹಿಂದಿನ ಲೈಟ್ ಪಕ್ಕ ಬಣ್ಣ ಗುಳ್ಳೆ ಎದ್ದಿದೆ, ಉಗುರಲ್ಲಿ ಒತ್ತಿದರೆ ಒಳಗೆ ಕಂದು ಪುಡಿ. ಮಾವ ಕೆಲವು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಪೂರ್ತಿ ಪೇಂಟ್ ಮಾಡಿಸಿದ್ದರು, ಒಂದು ಮಳೆಗಾಲ ಕಳೆಯುವಷ್ಟರಲ್ಲೇ ಗುಳ್ಳೆ ಶುರುವಾಯಿತಂತೆ. ಅದಕ್ಕೇ ಈ ಸಲ ನಾನೇ ಕೈ ಹಾಕಬೇಕು ಅಂತ ಇದ್ದೇನೆ. ಗ್ರೈಂಡರ್ ಇದೆ, ಚಿಕ್ಕ ಕಂಪ್ರೆಸರ್ ಇದೆ, ವೆಲ್ಡಿಂಗ್ ಮಾತ್ರ ಬರಲ್ಲ.

ಕೇಳಬೇಕಾದದ್ದು ಇಷ್ಟು. ಬಾಡಿಯನ್ನು ಚಾಸಿಯಿಂದ ಇಳಿಸಲೇಬೇಕಾ? ಪಿಯು (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಪೇಂಟ್ ಹೊಡೆಯಲಾ, ಸಾದಾ ಎನಾಮಲ್ ಸಾಕಾ? ಬಣ್ಣ ಮಿಲಿಟರಿ ಹಸಿರು ಅಂತ ಮನಸ್ಸಲ್ಲಿದೆ. ಮಳೆ ನಿಂತ ತಕ್ಷಣ ಶುರು ಮಾಡಬಹುದಾ?

ಕೋಟೆ_540 (ಚಿತ್ರದುರ್ಗ)

ಬಣ್ಣದ ಅಂಗಡಿಗೆ ಇನ್ನೂ ಹೋಗಬೇಡಿ. ಮೊದಲು ಒಂದು ಆಯಸ್ಕಾಂತ ತಗೊಳ್ಳಿ, ಹಳೇ ಸ್ಪೀಕರ್‌ದಾದರೂ ಸರಿ. ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆಲ್ಲ ನಿಧಾನವಾಗಿ ಎಳೆಯಿರಿ. ಗಟ್ಟಿಯಾಗಿ ಹಿಡಿದರೆ ಕೆಳಗೆ ತಗಡಿದೆ. ಸುಮ್ನೆ ಜಾರಿದರೆ ಅಲ್ಲಿ ಇರೋದು ಪುಟ್ಟಿ, ಅಂದರೆ ತಗ್ಗು ತುಂಬೋಕೆ ಮೆತ್ತಿದ ಪೇಸ್ಟು. ಜಾರಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ತೋಟದಲ್ಲಿ ದುಡಿದ ಗಾಡಿಗಳಲ್ಲಿ ಹಿಂದಿನ ಮೂಲೆ, ವಿಂಡ್‌ಶೀಲ್ಡ್ ಫ್ರೇಮಿನ ಕೆಳ ಅಂಚು, ಸೀಟಿನ ಕೆಳಗಿನ ಪೆಟ್ಟಿಗೆ, ಮಡ್‌ಗಾರ್ಡ್ ಬಾಡಿಗೆ ಸೇರುವ ಜಾಗ, ಇವು ನಾಲ್ಕೂ ಗೆರೆಯೊಳಗೆ ಬರುತ್ತವೆ. ಆಮೇಲೆ ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿ ಕೆಳಗೆ ಮಲಗಿ, ನೆಲದ ತಗಡಿಗೆ ಅಡ್ಡ ಹೋಗಿರುವ ಚಾನಲ್‌ಗಳನ್ನು ಒಂದೊಂದಾಗಿ ಕುಟ್ಟಿ ನೋಡಿ. ಠಣ್ ಅಂದರೆ ಸರಿ, ಮೆತ್ತಗೆ ಸದ್ದು ಬಂದರೆ ಅಲ್ಲಿ ಚುಚ್ಚಿ, ಒಳಗೆ ಹೋಗುತ್ತದೆ.

ಆ ಚಾನಲ್‌ಗಳೇ ಮುಖ್ಯ. ಕೆಸರು ಒಳಗೆ ಸೇರಿಕೊಂಡರೆ ಹೊರಗೆ ಬರಲ್ಲ, ವರ್ಷವಿಡೀ ತೇವ ಹಿಡಿದುಕೊಂಡು ಕೂತಿರುತ್ತದೆ. ಮೇಲಿನ ತಗಡಿಗೆ ಎಷ್ಟು ಒಳ್ಳೆಯ ಬಣ್ಣ ಹಾಕಿದರೂ ತುಕ್ಕು ಕೆಳಗಿಂದಲೇ ಬರುತ್ತದೆ. ನಿಮ್ಮ ಮಾವನ ಗಾಡಿಗೆ ಆಗಿರೋದೂ ಇದೇ ಅಂತ ಕಾಣುತ್ತದೆ: ತುಕ್ಕು ತೆಗೆಯದೆ ಮೇಲೆ ಪುಟ್ಟಿ ಎಳೆದು, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಬಣ್ಣ ಹಾಕಿ ಕೊಟ್ಟಿದ್ದಾರೆ. ರೆಡ್ ಆಕ್ಸೈಡ್ ಒಂದೇ ಇದ್ದರೆ ನೀರು ತಡೆಯಲ್ಲ, ನಿಧಾನವಾಗಿ ಒಳಗೆ ಬಿಡುತ್ತದೆ.

ಬಾಡಿ ಇಳಿಸಲೇಬೇಕಾ ಅಂತ ಕೇಳಿದಿರಿ. ಚಾನಲ್ ತೂತಾಗಿದ್ದರೆ ಇಳಿಸಿ, ಅನುಮಾನವೇ ಬೇಡ. ಜೀಪಿನ ಒಂದು ಒಳ್ಳೆಯ ಗುಣ ಅಂದರೆ ಬಾಡಿ ಬೇರೆ, ಚಾಸಿ ಬೇರೆ. ರಬ್ಬರ್ ಇಟ್ಟು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಸ್ಟೀರಿಂಗ್ ಕಾಲಂ, ಪೆಡಲ್ ಲಿಂಕ್, ಬ್ರೇಕ್ ಪೈಪು, ವೈರಿಂಗ್, ಡೀಸೆಲ್ ಪೈಪು, ಗೇರ್ ಲಿವರ್‌ಗಳು ಬಿಡಿಸಿದರೆ ನಾಲ್ಕು ಜನ ಸೇರಿ ಎತ್ತಿಬಿಡಬಹುದು. ಬೋಲ್ಟ್ ಮುರಿಯುತ್ತವೆ, ಮುರಿಯಲಿ ಬಿಡಿ, ಹೊಸದು ಹಾಕಿ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿಡಿ. ಬಿಚ್ಚುವಾಗ ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಮೊಬೈಲಲ್ಲಿ ಫೋಟೋ ತೆಗೆಯಿರಿ, ಒಂದೊಂದು ಜಾಗದ ಬೋಲ್ಟ್ ಒಂದೊಂದು ಡಬ್ಬಿಗೆ.

ವೆಲ್ಡಿಂಗಿಗೆ ಆರ್ಕ್ ಹಿಡಿದು ಬರುವವರನ್ನು ಕರೆಯಬೇಡಿ, ತೆಳು ತಗಡು ಸುಟ್ಟು ತೂತಾಗುತ್ತದೆ. ಮಿಗ್ (ತೆಳು ತಂತಿ ತಾನೇ ಬರುತ್ತಾ ಬೆಸೆಯುವ ಮಷಿನ್) ಇರುವವರನ್ನು ಹುಡುಕಿ. ಹರಿಹರ ಕಡೆ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ವಿಚಾರಿಸಿ. ಅವರಿಗೆ ಹೇಳಬೇಕಾದ ಒಂದೇ ಮಾತು: ಉದ್ದಕ್ಕೆ ಎಳೆಯಬೇಡಿ, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ ಇಟ್ಟು, ಆರಿದ ಮೇಲೆ ಮಧ್ಯ ತುಂಬಿ. ಒಂದೇ ಸಮ ಎಳೆದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಳೇ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದೇ ಪ್ಯಾಚ್ ಹಾಕಿಸಿ, ತುಕ್ಕಿನ ಮೇಲೆ ಹೊಸ ತಗಡು ಹೊದಿಸೋಕೆ ಮಾತ್ರ ಬಿಡಬೇಡಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಕೂಡ ಅಪಾಯ.

ನೆಲದ ತಗಡು ಪೂರ್ತಿ ಹೋಗಿದ್ದರೆ ರೆಡಿಮೇಡ್ ಪ್ಯಾನೆಲ್ ಸಿಗುತ್ತದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ಹಳೆಯದರ ಅಳತೆ ಬರೆದುಕೊಂಡು ಹೋಗಿ, ಒಂದು ಮಾಡೆಲ್‌ದು ಇನ್ನೊಂದಕ್ಕೆ ಕೂರುತ್ತದೆ ಅಂತ ಅಂಗಡಿಯವರು ಹೇಳಿದರೂ ಅಳತೆ ಹಿಡಿದೇ ನೋಡಿ.

ಗನ್_ಮ್ಯಾನ್_ಪೇಂಟರ್ (ಚಿತ್ರದುರ್ಗ)

ನಾನು ಪೇಂಟಿಂಗ್ ಕೆಲಸದಲ್ಲೇ ಇರೋನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಗಾಡಿ ಮೇಲೆ ಈಗಿರುವ ಬಣ್ಣ ಯಾವುದು ಅಂತ ತಿಳಿದುಕೊಳ್ಳಿ. ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್, ಬೇಗ ಒಣಗುವ ಲ್ಯಾಕರ್ ಬಣ್ಣ) ಥಿನ್ನರ್ ಹಚ್ಚಿ, ಕಾಣದ ಜಾಗದಲ್ಲಿ ಒಂದು ನಿಮಿಷ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ. ಸುಕ್ಕುಗಟ್ಟಿ ಎದ್ದರೆ ಎನಾಮಲ್. ಏನೂ ಆಗದಿದ್ದರೆ ಹಾರ್ಡನರ್ ಹಾಕಿದ ಪಿಯು. ಇದು ಯಾಕೆ ಬೇಕು ಅಂದರೆ, ಎನಾಮಲ್ ಮೇಲೆ ಎನ್‌ಸಿ ಹೊಡೆದರೆ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿಬಿಡುತ್ತದೆ, ಮೂರು ದಿನದ ಕೆಲಸ ಒಂದು ನಿಮಿಷದಲ್ಲಿ ಹಾಳು. ನಿಮ್ಮ ಗಾಡಿಗೆ ಬೇರೆ ಬೇರೆ ಕಾಲದಲ್ಲಿ ಬಣ್ಣ ಬಿದ್ದಿರುತ್ತದೆ. ಹಾಗಾಗಿ ಪೂರ್ತಿ ತಗಡಿನವರೆಗೆ ಇಳಿಸಿ ಅಂತಲೇ ನನ್ನ ಸಲಹೆ.

ಇಳಿಸೋಕೆ ಗ್ರೈಂಡರಿಗೆ ವೈರ್ ಕಪ್ ಹಾಕಿ. ಕನ್ನಡಕ ಇಲ್ಲದೆ ಮುಟ್ಟಬೇಡಿ, ತಂತಿ ಎಳೆ ಹಾರಿ ಬರುತ್ತದೆ. ಬಾನೆಟ್, ಮಡ್‌ಗಾರ್ಡ್ ತರಹದ ಚಪ್ಪಟೆ ತಗಡಿಗೆ ಬ್ಲಾಸ್ಟಿಂಗ್ (ಗಾಳಿ ಒತ್ತಡದಲ್ಲಿ ಮರಳಿನಂಥ ಕಣ ಊದಿ ತುಕ್ಕು ತೆಗೆಯೋದು) ಮಾಡಿಸಬೇಡಿ, ಒತ್ತಡಕ್ಕೆ ಸೊಟ್ಟಗಾಗುತ್ತದೆ. ಚಾಸಿಗೆ ಮಾಡಿಸಬಹುದು, ಆದರೆ ಮರಳಲ್ಲಿ ಬೇಡ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ವಾಪಸ್ ಹೋಗದ ಕಾಯಿಲೆ ಅದು. ಗಾರ್ನೆಟ್ ಅಥವಾ ತಾಮ್ರದ ಸ್ಲ್ಯಾಗ್ ಬಳಸುವವರನ್ನು ಹುಡುಕಿ. ಗುಂಡಿ ಗುಂಡಿಯಾಗಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ದ್ರಾವಣ ಹಚ್ಚಿ. ಕಪ್ಪು ಬೂದು ಬಣ್ಣಕ್ಕೆ ತಿರುಗಿದ ಮೇಲೆ ಡಬ್ಬಿಯಲ್ಲಿ ಹೇಳಿದ ಹಾಗೆ ತೊಳೆದು ಒಣಗಿಸಬೇಕು. ಆಸಿಡ್ ಉಳಿದ ಜಾಗದಲ್ಲಿ ಎಪಾಕ್ಸಿ (ಎರಡು ಡಬ್ಬಿ ಬೆರೆಸಿ ಹಚ್ಚುವ ಪ್ರೈಮರ್) ಹಿಡಿಯಲ್ಲ.

ತಗಡು ಬೆಳ್ಳಗೆ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಂಜೆ ಉಜ್ಜಿ ಬೆಳಿಗ್ಗೆ ಹೊಡೆಯೋಣ ಅಂತ ಬಿಟ್ಟರೆ ರಾತ್ರಿ ತೇವಕ್ಕೆ ತೆಳುವಾಗಿ ತುಕ್ಕು ಹತ್ತಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಬೆರಳಚ್ಚು ಬಣ್ಣದ ಕೆಳಗೆ ತುಕ್ಕಾಗಿ ಮೇಲೆ ಬರುತ್ತದೆ.

ಇನ್ನು ಪುಟ್ಟಿ. ಇದೊಂದು ಮಾತು ದಯವಿಟ್ಟು ನೆನಪಿಡಿ. ನಮ್ಮ ಕಡೆ ಪುಟ್ಟಿ ಹಾಕಿದ ಕೂಡಲೇ ಬಕೆಟ್ ನೀರು, ವಾಟರ್ ಪೇಪರ್ ತರುತ್ತಾರೆ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಉಳಿಯುತ್ತದೆ, ಅದರ ಮೇಲೆ ಪ್ರೈಮರ್ ಬಿದ್ದರೆ ಆ ನೀರಿಗೆ ದಾರಿ ಇಲ್ಲ. ಬಿಸಿಲಿಗೆ ನಿಂತಾಗ ಗುಳ್ಳೆಯಾಗಿ ಏಳುತ್ತದೆ. ಪುಟ್ಟಿಯನ್ನು ಒಣ ಉಪ್ಪು ಕಾಗದದಲ್ಲೇ ಉಜ್ಜಿ, 80 ನಂಬರಿಂದ ಶುರು ಮಾಡಿ 120, 220. ಕೈಯಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಅಲೆ ಬೀಳುತ್ತದೆ, ಮರದ ತುಂಡಿಗೆ ಸುತ್ತಿಕೊಳ್ಳಿ. ನೀರು ಹಾಕುವುದೆಲ್ಲ ಪ್ರೈಮರ್ ಬಂದ ಮೇಲೆ, 400, 600. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ತೀರ ತೆಳುವಾಗಿ ಮಂಜಿನಷ್ಟು ಊದಿ ಉಜ್ಜಿ ನೋಡಿ. ಎಲ್ಲಿ ಕಪ್ಪು ಉಳಿಯುತ್ತದೋ ಅಲ್ಲಿ ತಗ್ಗಿದೆ. ಕಣ್ಣಿಗೆ ಕಾಣದ ತಗ್ಗು ಹೀಗೆ ಸಿಗುತ್ತದೆ.

ಕೊನೆಗೆ ಪಿಯು ಬಗ್ಗೆ. ಮನೆಯಲ್ಲಿ ಹೊಡೆಯಬೇಡಿ. ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ, ಎನ್95 ಹಾಕಿದರೆ ಅದನ್ನು ತಡೆಯೋಕೆ ಆಗಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಬೇಕು. ಒಂದು ಸಲ ದೇಹ ಅದಕ್ಕೆ ಅಲರ್ಜಿಯಾದರೆ ಆಮೇಲೆ ಚೂರೇ ಚೂರು ಸೋಕಿದರೂ ಉಬ್ಬಸ ಶುರುವಾಗುತ್ತದೆ. ನಮ್ಮ ಕೆಲಸದಲ್ಲಿ ಹೀಗೆ ಸ್ಪ್ರೇ ಗನ್ ಕೆಳಗಿಟ್ಟವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪಿಯು ಬೇಕೇ ಬೇಕು ಅಂದರೆ ಪ್ರೈಮರ್‌ವರೆಗೆ ಮನೆಯಲ್ಲಿ ಮಾಡಿ, ಕೊನೆ ಕೋಟಿಗೆ ಪೇಂಟ್ ಬೂತ್ (ಗಾಳಿ ಸೋಸುವ ಮುಚ್ಚಿದ ಕೋಣೆ) ಇರುವ ಕಡೆ ಕೊಡಿ.

ಸೂಳೆಕೆರೆ_ಜೀಪು (ದಾವಣಗೆರೆ)

ಇಬ್ಬರಿಗೂ ತುಂಬಾ ಧನ್ಯವಾದ. ಆಯಸ್ಕಾಂತ ಹಿಡಿದು ನೋಡಿದೆ, ಹಿಂದಿನ ಎರಡು ಮೂಲೆಯಲ್ಲೂ ಜಾರುತ್ತದೆ. ಚಾನಲ್‌ಗಳಲ್ಲಿ ಮಧ್ಯದ್ದು ಸ್ಕ್ರೂಡ್ರೈವರಿಗೆ ತೂತಾಯಿತು. ಬಾಡಿ ಇಳಿಸುವುದು ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಶೆಡ್ಡಿಗೂ ಅಡಿಗೆಮನೆ ಕಿಟಕಿಗೂ ದೂರ ಇಲ್ಲ, ಹಾಗಾಗಿ ಪಿಯು ಬಿಟ್ಟೆ. ಕಂಪ್ರೆಸರ್ 1 ಎಚ್‌ಪಿ, ಟ್ಯಾಂಕ್ ಚಿಕ್ಕದು. ಇದರಲ್ಲಿ ಏನು ಹೊಡೆಯಬಹುದು?

ಬೆಣ್ಣೆನಗರಿ_ಲೋಗೇರ್ (ದಾವಣಗೆರೆ)

ಆ ಕಂಪ್ರೆಸರಿನಲ್ಲಿ ಬಾನೆಟ್ ಅರ್ಧ ಆಗುವಷ್ಟರಲ್ಲಿ ಗಾಳಿ ಕಡಿಮೆಯಾಗುತ್ತದೆ, ಬಣ್ಣ ಹನಿ ಹನಿಯಾಗಿ ಬೀಳುತ್ತದೆ. ಟೈರಿಗೆ ಗಾಳಿ ಹಾಕೋಕೆ ಇಟ್ಟುಕೊಳ್ಳಿ. ರೋಲರ್ ಹಿಡಿಯಿರಿ.

ರೋಲರ್ ಅಂದ ಕೂಡಲೇ ಮೂಗು ಮುರಿಯುವವರು ಇದ್ದಾರೆ. ಇದು ತೋಟಕ್ಕೆ, ಕಾಡುದಾರಿಗೆ ಹೋಗುವ ಗಾಡಿ. ಜೋಗಿಮಟ್ಟಿ ಕಡೆ ಜಾಲಿ ಮುಳ್ಳು ಪಕ್ಕದಲ್ಲಿ ಗೀರಿದರೆ ಪಿಯು ಆದರೆ ಪೂರ್ತಿ ಪ್ಯಾನೆಲ್ ಮತ್ತೆ ಹೊಡೆಸಬೇಕು. ಎನಾಮಲ್ ಆದರೆ ಅದೇ ಡಬ್ಬಿ ತೆಗೆದು ಅಲ್ಲಷ್ಟೇ ಹಚ್ಚಿ ಮುಗಿಸಬಹುದು. ಒಳ್ಳೆಯ ಸಿಂಥೆಟಿಕ್ ಎನಾಮಲ್ ತಗೊಳ್ಳಿ, ಸ್ವಲ್ಪವೇ ಟರ್ಪೆಂಟೈನ್ ಬೆರೆಸಿ. ಹಾಲಿನಷ್ಟು ತೆಳುವಲ್ಲ, ರೋಲರಿಂದ ಸಲೀಸಾಗಿ ಹರಡುವಷ್ಟು ಮಾತ್ರ. ನಾಲ್ಕಿಂಚಿನ ಫೋಮ್ ರೋಲರಲ್ಲಿ ತೆಳುವಾಗಿ ಎಳೆದು, ಅದು ಒದ್ದೆ ಇರುವಾಗಲೇ ಮೆತ್ತನೆ ಬ್ರಷ್ ತುದಿಯಲ್ಲಿ ಒಂದೇ ದಿಕ್ಕಿಗೆ ಸವರಿ, ಗುಳ್ಳೆ ಒಡೆದು ಸಮ ಆಗುತ್ತದೆ. ಮೊದಲ ಕೋಟಿನಲ್ಲಿ ಪ್ರೈಮರ್ ಕಾಣುತ್ತದೆ, ಮುಚ್ಚಲೇಬೇಕು ಅಂತ ದಪ್ಪ ಹಾಕಬೇಡಿ. ಪೂರ್ತಿ ಒಣಗಿದ ಮೇಲೆ 400 ಅಥವಾ 600ರಲ್ಲಿ ಲಘುವಾಗಿ ಉಜ್ಜಿ, ಒರೆಸಿ, ಮುಂದಿನ ಕೋಟ್. ಹೀಗೆ ನಾಲ್ಕೈದು ತೆಳು ಕೋಟ್ ಆದರೆ ಎರಡು ಮಾರು ದೂರದಿಂದ ನೋಡಿದವರಿಗೆ ರೋಲರ್ ಅಂತ ಗೊತ್ತಾಗಲ್ಲ. ಮೆಟಾಲಿಕ್ ಬಣ್ಣ ಮಾತ್ರ ರೋಲರಲ್ಲಿ ಆಗಲ್ಲ, ಸಾದಾ ಬಣ್ಣ ಆರಿಸಿ.

ಕಾಲದ ವಿಷಯ. ಮಳೆ ನಿಂತ ತಕ್ಷಣ ತುಕ್ಕು ತೆಗೆಯೋದು, ವೆಲ್ಡಿಂಗ್ ಎಲ್ಲ ಮಾಡಿ, ಬಣ್ಣ ಬೇಡ. ನಮ್ಮೂರಲ್ಲಿ ಆಗ ಮೆಕ್ಕೆಜೋಳದ ಒಕ್ಕಣೆ. ರಸ್ತೆ ಮೇಲೆಲ್ಲ ಕಾಳು ಹರಡಿ, ಮಷಿನ್ ಹಾಕಿ, ಗಾಳಿಯಲ್ಲೆಲ್ಲ ರವದಿ ಪುಡಿ. ರೈಸ್ ಮಿಲ್ ಹತ್ತಿರ ಮನೆ ಇದ್ದರೆ ಹೊಟ್ಟಿನ ಬೂದಿ ಬೇರೆ. ಒದ್ದೆ ಎನಾಮಲ್ ಮೇಲೆ ಅದು ಕೂತರೆ ಉಪ್ಪು ಕಾಗದದ ಥರ ಆಗುತ್ತದೆ. ಜನವರಿ ಕಡೆಯಿಂದ ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಕೈಗೆ ತಣ್ಣಗೆ ಹತ್ತುತ್ತದೆ. ಹತ್ತು ಗಂಟೆ ಮೇಲೆ ಶುರು ಮಾಡಿ, ಮೂರರೊಳಗೆ ನಿಲ್ಲಿಸಿ. ಏಪ್ರಿಲ್ ಬಿಸಿಲಲ್ಲಿ ಬಣ್ಣ ಹರಡುವ ಮೊದಲೇ ಒಣಗುತ್ತದೆ. ಆಷಾಢದ ಗಾಳಿಯಲ್ಲಿ ಶೆಡ್ ಬಾಗಿಲು ತೆಗೆಯೋ ಹಾಗೂ ಇಲ್ಲ. ಕೆಲಸದ ದಿನ ಶೆಡ್ ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳಲ್ಲ.

ಎನಾಮಲ್, ಥಿನ್ನರ್ ಎರಡರ ಆವಿಗೂ ಬೆಂಕಿ ಹತ್ತುತ್ತದೆ. ಅಡಿಗೆಮನೆ ಹತ್ತಿರ ಅಂದಿರಿ. ಗ್ಯಾಸ್ ಒಲೆ, ದೇವರ ದೀಪ, ಬಚ್ಚಲ ಒಲೆ, ಇವು ಉರಿಯುತ್ತಿರುವಾಗ ಡಬ್ಬಿ ತೆರೆಯಬೇಡಿ. ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಗನ್_ಮ್ಯಾನ್_ಪೇಂಟರ್ (ಚಿತ್ರದುರ್ಗ)

ರೋಲರ್ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎನಾಮಲ್ ನಮ್ಮ ಬಿಸಿಲಿಗೆ ಬೇಗ ಹೊಳಪು ಕಳೆದುಕೊಳ್ಳುತ್ತದೆ. ಪೂರ್ತಿ ಗಟ್ಟಿಯಾಗೋಕೂ ವಾರಗಳು ಬೇಕು, ಅಷ್ಟರೊಳಗೆ ಟಾರ್ಪಾಲ್ ಹೊದಿಸಿದರೆ ಅಚ್ಚು ಬೀಳುತ್ತದೆ. ಆದರೆ ಮಕ್ಕಳಿರುವ ಮನೆ, ಚಿಕ್ಕ ಕಂಪ್ರೆಸರ್, ಈ ಎರಡೂ ನೋಡಿದರೆ ನಿಮಗೆ ಅದೇ ಸರಿ. ಕೆಳಗೆ ಎಪಾಕ್ಸಿ ಸರಿಯಾಗಿ ಬಿದ್ದಿದ್ದರೆ ಮೇಲಿನದನ್ನು ಐದು ವರ್ಷ ಬಿಟ್ಟು ಮತ್ತೆ ಹಚ್ಚಬಹುದು. ಎಪಾಕ್ಸಿಯನ್ನೂ ಬ್ರಷ್‌ನಲ್ಲಿ ಹಚ್ಚಬಹುದು, ಕೈಗವಸು ಮಾತ್ರ ಬೇಕೇ ಬೇಕು, ಚರ್ಮಕ್ಕೆ ಆಗಲ್ಲ. ಹಚ್ಚಿ ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಬಿಸಿಲಿಗೆ ಪುಡಿ ಉದುರುತ್ತದೆ. ಡಬ್ಬಿಯಲ್ಲಿ ಕೊಟ್ಟ ಸಮಯ ಮೀರಿದರೆ ಮುಂದಿನ ಕೋಟಿಗೆ ಮುಂಚೆ 320ರಲ್ಲಿ ಗೀರಿಕೊಳ್ಳಿ.

ಕೆಎ17_ಫೈಲು (ದಾವಣಗೆರೆ)

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಿಲಿಟರಿ ಹಸಿರು ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ನಿಯಮ 121ರ ಪ್ರಕಾರ ಆಲಿವ್ ಹಸಿರು ಸೇನೆಯ ಗಾಡಿಗಳಿಗೆ ಮಾತ್ರ. ಮ್ಯಾಟ್ ಆದರೆ ನಡೆಯುತ್ತೆ, ಸ್ವಲ್ಪ ಬೇರೆ ಶೇಡ್ ಆದರೆ ನಡೆಯುತ್ತೆ ಅಂತ ಹೇಳುವವರ ಮಾತು ಕೇಳಬೇಡಿ. ದಾರಿಯಲ್ಲಿ ನಿಲ್ಲಿಸಿದಾಗ ಉತ್ತರ ಕೊಡಬೇಕಾದವರು ನೀವು.

ಇನ್ನೊಂದು, ಆರ್‌ಸಿಯಲ್ಲಿ ಇರುವ ಬಣ್ಣವನ್ನೇ ಹೊಡೆದರೆ ತಲೆನೋವಿಲ್ಲ. ಬೇರೆ ಬಣ್ಣ ಅಂದರೆ ಆರ್‌ಟಿಓದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬದಲಾಯಿಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಗಾಡಿಗೆ 15 ವರ್ಷ ಯಾವತ್ತೋ ದಾಟಿರುತ್ತದೆ, ಹಾಗಾಗಿ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣ. ಅದು ಚಾಲ್ತಿಯಲ್ಲಿದೆಯಾ ಅಂತ ಮೊದಲು ನೋಡಿ. ಮಾವನ ಹೆಸರಲ್ಲೇ ಇದ್ದರೆ ವರ್ಗಾವಣೆಯನ್ನೂ ಬಿಚ್ಚುವ ಮೊದಲೇ ಮಾಡಿಸಿಕೊಂಡರೆ ಒಳ್ಳೆಯದು, ಅಲ್ವಾ?

ತಪಾಸಣೆಗೆ ಹೋದಾಗ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಅಕ್ಷರಗಳ ಮೇಲೆ ಗ್ರೈಂಡರ್ ಹಿಡಿಯಬೇಡಿ, ಪುಟ್ಟಿ ತುಂಬಬೇಡಿ, ದಪ್ಪ ಬಣ್ಣವೂ ಬೇಡ. ಕೈಯಲ್ಲೇ ಬ್ರಷ್ ಮಾಡಿ, ತೆಳುವಾಗಿ ಪ್ರೈಮರ್ ಹಚ್ಚಿ. ನಂಬರ್ ಅಳಿಸಿದರೆ ಗಾಡಿ ನಿಮ್ಮದೇ ಅಂತ ಸಾಬೀತು ಮಾಡೋಕೆ ಓಡಾಡಬೇಕಾಗುತ್ತದೆ.

ಸೂಳೆಕೆರೆ_ಜೀಪು (ದಾವಣಗೆರೆ)

ಒಳ್ಳೆಯದಾಯಿತು ಹೇಳಿದ್ದು. ಆರ್‌ಸಿಯಲ್ಲಿ ಬಿಳಿ ಅಂತ ಇದೆ, ಬಿಳಿಯೇ ಹೊಡೆಯುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ಚಾಸಿಗೂ ಚಾನಲ್ ಒಳಗೂ ಸುಟ್ಟ ಇಂಜಿನ್ ಆಯಿಲ್ ಹೊಡೆಸು, ತುಕ್ಕೇ ಬರಲ್ಲ ಅಂತ ಮಾವ ಹೇಳುತ್ತಿದ್ದಾರೆ. ಮಾಡಲಾ?

ಕೋಟೆ_540 (ಚಿತ್ರದುರ್ಗ)

ಬೇಡ. ಹಿರಿಯರು ಹಾಗೆ ಮಾಡುತ್ತಿದ್ದರು, ಆಗ ಬೇರೆ ಏನೂ ಸಿಗುತ್ತಿರಲಿಲ್ಲ. ಸುಟ್ಟ ಆಯಿಲ್ ಬಾಡಿ ರಬ್ಬರ್, ಸ್ಪ್ರಿಂಗ್ ಬುಷ್, ಬ್ರೇಕ್ ಹೋಸ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಚರ್ಮಕ್ಕೂ ಕೆಟ್ಟದ್ದು, ಮಣ್ಣಿಗೂ ಕೆಟ್ಟದ್ದು. ಧೂಳು ಅದಕ್ಕೆ ಅಂಟಿ ಮೆತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಜಾಸ್ತಿ ತೊಂದರೆ ಏನಂದರೆ, ಒಮ್ಮೆ ಎಣ್ಣೆ ಇಳಿದ ಸಂದಿಯಲ್ಲಿ ಮುಂದೆ ವೆಲ್ಡಿಂಗೂ ಆಗಲ್ಲ, ಬಣ್ಣವೂ ನಿಲ್ಲಲ್ಲ.

ಚಾಸಿಗೆ ಎರಡು ಕೋಟ್ ಎಪಾಕ್ಸಿ, ಮೇಲೆ ಕಪ್ಪು ಎನಾಮಲ್. ಬಾಡಿ ಜೋಡಿಗಳಿಗೆ ಎಪಾಕ್ಸಿ ಒಣಗಿದ ಮೇಲೆ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು) ಎಳೆಯಿರಿ. ಚಾನಲ್ ಒಳಗೆ ಎಲ್ಲ ಬಣ್ಣ ಮುಗಿದ ಮೇಲೆ ಉದ್ದ ನಳಿಕೆ ಇರುವ ಕ್ಯಾವಿಟಿ ವ್ಯಾಕ್ಸ್ (ಒಳಗೆ ಅಂಟಿ ತೇವ ತಡೆಯುವ ಮೇಣ) ಊದಿ, ಬಣ್ಣಕ್ಕೆ ಮುಂಚೆ ಬೇಡ. ನೀರು ಇಳಿಯುವ ತೂತುಗಳು ಬಣ್ಣಕ್ಕೋ ವ್ಯಾಕ್ಸಿಗೋ ಮುಚ್ಚಿಹೋಗಿರುತ್ತವೆ, ತಂತಿ ಹಾಕಿ ಒಂದೊಂದನ್ನೂ ತೆರೆಯಿರಿ.

ಬಣ್ಣ ಹೊಡೆಯುವ ಮುಂಚೆ ಗ್ರೀಸ್ ನಿಪ್ಪಲ್, ಆಕ್ಸಲ್ ಗಾಳಿ ಬಿಡುವ ಬ್ರೀದರ್, ಬ್ರೇಕ್ ಹೋಸ್ ಇವಕ್ಕೆ ಟೇಪ್ ಸುತ್ತಿ. ಬ್ರೀದರ್ ಮುಚ್ಚಿಹೋದರೆ ಆಕ್ಸಲ್ ಬಿಸಿಯಾದಾಗ ಒಳಗಿನ ಒತ್ತಡ ಆಯಿಲನ್ನು ಸೀಲಿನಿಂದ ಹೊರಗೆ ತಳ್ಳುತ್ತದೆ, ಆಮೇಲೆ ಸೀಲ್ ಹೋಯಿತು ಅಂತ ಸುಮ್ನೆ ಬದಲಾಯಿಸುತ್ತಾ ಕೂರಬೇಕು.

ಅರ್ಥ್ ವೈರ್ ಕೂರುವ ಜಾಗಗಳನ್ನೂ ಗುರುತು ಮಾಡಿಕೊಳ್ಳಿ. ಬ್ಯಾಟರಿಯಿಂದ ಚಾಸಿಗೆ, ಇಂಜಿನ್ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ. ಅಲ್ಲಿ ನಾಣ್ಯದಗಲ ತಗಡು ಬರಿದಾಗಿರಬೇಕು. ಬೋಲ್ಟ್ ಬಿಗಿದ ಮೇಲೆ ಮೇಲಿಂದ ಗ್ರೀಸ್ ಹಚ್ಚಿ. ಪೇಂಟ್ ಆದ ಮೇಲೆ ಹಾರನ್ ಹಾಕಿದರೆ ಲೈಟ್ ಮಂಕಾಗುತ್ತೆ, ಸ್ಟಾರ್ಟರ್ ಎಳೆಯಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಬಾಡಿ ಕೂರಿಸುವಾಗ ಹೊಸ ರಬ್ಬರ್ ಹಾಕಿ, ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲಿ ತಿರುಗಿಸಿ ಹಿಡಿಸಿದ ಮೇಲೆ ಬಿಗಿಯಿರಿ, ಒಂದು ಮೂಲೆಯನ್ನು ಮೊದಲೇ ಬಿಗಿದರೆ ಉಳಿದ ತೂತು ಕೂರಲ್ಲ. ವಾರ ಓಡಿಸಿ ಮತ್ತೊಮ್ಮೆ ಬಿಗಿಯಿರಿ. ಬಾಡಿ ಎತ್ತುವ ದಿನ ಭಾನುವಾರ ಆದರೆ ಹೇಳಿ, ಚಿತ್ರದುರ್ಗದಿಂದ ನಾವು ಇಬ್ಬರು ಬರುತ್ತೇವೆ. ಹೈವೇ ಹಿಡಿದರೆ ದೂರವೇನಿಲ್ಲ.